ಎಡಗಣ್ಣು

2024 ಅಕ್ಟೋಬರ್ 10, ಗುರುವಾರ, ರಾತ್ರಿ ಹನ್ನೆರಡೂವರೆ
ನೋವೈ, ಮಿಷಿಗನ್

ಕಾಲು ಇನ್ನೂ ಬೆಚ್ಚಗಾಗಿಲ್ಲ. ಅಮ್ಮ ಎರಡೆರಡು ಸಾಕ್ಸ್ ಹಾಕಿಕೊಂಡು ಮಲಗಿದಾಳೆ.

ಮೇ 10ರ ರಾತ್ರಿ ಬೇಗ ಮಲಗಿಬಿಟ್ಟು, ಬೆಳಿಗ್ಗೆ ಎಲ್ಲರ ಸ್ಟೇಟಸ್ಸಲ್ಲಿ ಅರೋರಾದ, ಅಂದರೆ ಧ್ರುವಪ್ರಭೆಯ, ಗುಲಾಬಿ ಆಕಾಶ ನೋಡಿ ಹೊಟ್ಟೆ ಉರಿಸಿಕೊಂಡವಳು ನಾನು. ಲಡಾಖಿನ ಹಾನ್ಲೆಯಲ್ಲೂ ಕೆಂಪು ಕಂಡಿತ್ತು, ಇಲ್ಲಿದ್ದ ನನಗಿಲ್ಲ! ಅದಕ್ಕೇ ಇವತ್ತು ಫೋನ್ ಕೆಳಗಿಟ್ಟಿಲ್ಲ. ಮಂಗಳವಾರ ರಾತ್ರಿ ಸೂರ್ಯನಲ್ಲಿ ಸಿಡಿದದ್ದು ಬೆಳಿಗ್ಗೆ ಹನ್ನೊಂದೂಕಾಲರ ಹೊತ್ತಿಗೆ ಬಂದು ಬಡಿಯಿತು, ಜಿ-4 ಕಾಂತ ಬಿರುಗಾಳಿ, ಐದರಲ್ಲಿ ನಾಲ್ಕನೇ ದರ್ಜೆಯದು. ಸಂಜೆ ಗೊಂಬೆ ಆರತಿ ಮುಗಿಸಿ, ಉಸಲಿ ಡಬ್ಬಿ ಸಮೇತ ಅಮ್ಮನನ್ನು ಕಾರಿಗೆ ಹತ್ತಿಸಿದೆ.

"ಜೋಳದ ಹೊಲದ ಪಕ್ಕ ಯಾಕೆ ನಿಲ್ಲಿಸ್ದೆ, ಪೊಲೀಸ್ನೋರು ಬಂದ್ರೆ?"

ಕತ್ತಲಲ್ಲಿ ಕಾಯ್ಬೇಕಮ್ಮ, ಸೂರ್ಯನಿಂದ ಬಂದಿರೋ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ರೇ ಭೂಮಿ ಬಾಗಿಲು ತೆಗೆಯೋದು, 15 ಲಕ್ಷ ಕಿಲೋಮೀಟರ್ ಆಚೆ ನಿಂತ ನೌಕೆಗಳು ಅದನ್ನ ಮೊದಲೇ ಹೇಳ್ತವೆ ಅಂದೆ. "ನಮ್ಮ ಆದಿತ್ಯನೂ ಅಲ್ಲೇ ಅಲ್ವೇನೆ?" ಅಂದಳು. ಹೌದಮ್ಮ, ಇಸ್ರೋದ ಆದಿತ್ಯ-ಎಲ್1 ನೌಕೆ. ಅದರ ಒಂದು ಉಪಕರಣ ಸಿದ್ಧವಾಗಿದ್ದು ಹೊಸಕೋಟೆಯಲ್ಲೇ ಅಂದಾಗ ಮುಖ ಅರಳಿತು.

ಮೊದಲಿಗೆ ಬರೀ ಬೂದು, ತೆಳು ಮೋಡದ ಹಾಗೆ. ಫೋನ್ ಹಿಡಿದರೆ ಕೆಂಪು, ಕೆಳಗೆ ಹಸಿರು. ಕತ್ತಲಲ್ಲಿ ಕಣ್ಣಿಗೆ ಬಣ್ಣ ಹತ್ತಲ್ಲ, ಫೋನು ಮೂರು ಸೆಕೆಂಡಿನ ಬೆಳಕು ಕೂಡಿಹಾಕುತ್ತೆ ಅಂತ ವಿವರಿಸಿದೆ.

"ಹಂಗಾದ್ರೆ ಇದು ಫೋನಿಗೆ ಕಂಡಿದ್ದು. ನಮಗಲ್ಲ."

ಸಿಟ್ಟು ಬಂತು. ಇಷ್ಟು ದೂರ ಬಂದಿದ್ದಕ್ಕೆ ಈ ಮಾತಾ?

ಹತ್ತರ ಹೊತ್ತಿಗೆ ನೆತ್ತಿಯ ಮೇಲೇ ಬಂತು. ಅಷ್ಟಮಿಯ ಅರೆ ಚಂದ್ರ ಇನ್ನೂ ಮುಳುಗಿರಲಿಲ್ಲ, ಆದರೂ ಬರಿಗಣ್ಣಿಗೇ ಕಂಡಿತು. ಕುಂಕುಮದ ಕೈ ತೊಳೆದ ನೀರಿನ ಬಣ್ಣ. ನಾನು ಕಿರುಚಿದೆ. ಅಮ್ಮ ಕಿರುಚಲಿಲ್ಲ. ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದು.

"ದಿಕ್ಕೇ ಹೊತ್ತಿ ಉರಿಯೋ ದಿಗ್ದಾಹ ಅನ್ನೋರು ಅಜ್ಜಯ್ಯ, ಇದೇ ಇರ್ಬೇಕು. ಬಲಗಣ್ಣಿಗಿದೆ ಕಣೆ. ಎಡಗಣ್ಣಿಗೆ ಇಲ್ಲ."

ಇಲ್ಲ ಅಂದ್ರೆ?

"ಇಲ್ಲ ಅಂದ್ರೆ ಇಲ್ಲ. ಮಂಜುಮಂಜು."

ಬಲಗಣ್ಣಿನ ಪೊರೆ ಹೋದ ವರ್ಷ ತೆಗೆಸಿದ್ದು. ಎಡಗಣ್ಣಿಗೆ ಈಗಲೇ ಏನೂ ಬೇಡ ಅಂದ್ರಂತೆ ಡಾಕ್ಟ್ರು, ಅಂದಿದ್ದು ಇವಳೇ. ಬಂದು ಎರಡು ತಿಂಗಳಾಯ್ತು, ದಿನಾ ಗೊಂಬೆಗಳ ಮುಂದೆ ರಂಗೋಲಿ ಎಳೆಗಳನ್ನ ಒಂದು ಗೆರೆ ತಪ್ಪದೆ ಎಳೀತಿದಾಳೆ. ನನಗೆ ಹೇಗೆ ಗೊತ್ತಾಗಬೇಕಿತ್ತು? ವಾಪಸ್ ಬರುವಾಗ ಕೇಳಿದರೆ "ಉಸಲಿಗೆ ಉಪ್ಪು ಕಮ್ಮಿ" ಅಂದಳು.

ಆಕಾಶ ಇನ್ನೂ ಕೆಂಪಗಿದೆಯೋ ಏನೋ, ಎದ್ದು ನೋಡೋ ಮನಸ್ಸಿಲ್ಲ. ನಾಳೆ ಆಯುಧಪೂಜೆ, ಚಕ್ರಕ್ಕೆಲ್ಲ ಹೊಲದ ಮಣ್ಣು.

ಕಣ್ಣಿನ ವಿಷಯ ತಮ್ಮನಿಗೆ ಬರೆಯೋಣ ಅಂತ ಫೋನ್ ತೆಗೆದೆ, ಕಳಿಸಿದ್ದು ಮಾತ್ರ ಫೋಟೋ. ಊರಲ್ಲಿ ಈಗ ಬೆಳಿಗ್ಗೆ ಹತ್ತು. ಅಮ್ಮ ಎಲ್ಲಿ ಅಂತ ಕೇಳ್ತಿದಾನೆ. ಇದಾಳೆ ಕಣೋ, ಮೂಲೆಯಲ್ಲಿ, ಒಂದು ಕಣ್ಣು ಮುಚ್ಕೊಂಡು