ಬಾದಾಮಿಗೆ ಹೋಗುವವರೇ, ಕೊಣ್ಣೂರಿನಲ್ಲಿ ಇಳಿಯಿರಿ

ಹುಬ್ಬಳ್ಳಿಯಿಂದ ಬಾದಾಮಿ, ಪಟ್ಟದಕಲ್ಲಿಗೆ ಹೊರಟ ಕಾರುಗಳು ನವಲಗುಂದ, ನರಗುಂದ, ಕೊಣ್ಣೂರನ್ನು ದಾಟಿಕೊಂಡೇ ಹೋಗುತ್ತವೆ. ಯಾರೂ ಇಳಿಯುವುದಿಲ್ಲ, ಬಹಳವೆಂದರೆ ಒಂದು ಕಪ್ ಚಹಾ. ಮಲಪ್ರಭೆ ಉಕ್ಕಿದಾಗ ಮಾತ್ರ ಈ ಊರುಗಳ ಹೆಸರು ಟಿ.ವಿ.ಯಲ್ಲಿ ಓಡುತ್ತದೆ, ಹಳೆಯ ಬಟ್ಟೆಯ ಗಂಟು ಹೊತ್ತುಕೊಂಡು ಜನ ಬರುತ್ತಾರೆ. ನೆರೆ ಬಂದಾಗ ನೋಡಲು ಹೋಗಬೇಡಿ, ನೀರು ಇಳಿದು ಎಲ್ಲರೂ ಮರೆತ ಮೇಲೆ ಹೋಗಿ, ಖರ್ಚಿಗೆ ಹಣ ಇಟ್ಟುಕೊಂಡು ಹೋಗಿ ಎನ್ನುವುದು ನನ್ನ ಸಲಹೆ. ಈ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಹಾಗೆಯೇ ಹೋಗಿಬಂದೆವು.

ನೀರು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡರೆ ದಾರಿಯೂ ಅರ್ಥವಾಗುತ್ತದೆ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯ ತುಂಬಿ ಗೇಟು ತೆರೆದರೆ ಮಲಪ್ರಭೆ ಕೊಣ್ಣೂರು, ಲಖಮಾಪುರ, ಹೊಳೆ ಆಲೂರುಗಳ ಕಡೆ ಏರುತ್ತದೆ. ಇನ್ನೊಂದು ದಿಕ್ಕಿನಿಂದ ಬೆಣ್ಣೆಹಳ್ಳ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟುವ ಈ ಹಳ್ಳ ಹುಬ್ಬಳ್ಳಿ, ನವಲಗುಂದ ಸೀಮೆಯ ನೀರನ್ನು ಹೊತ್ತುಕೊಂಡು ರೋಣ ತಾಲ್ಲೂಕಿನ ಮೆಣಸಗಿ ಬಳಿ ಹೊಳೆಯನ್ನು ಸೇರುತ್ತದೆ. ಹೊಳೆಯೇ ತುಂಬಿದ್ದರೆ ಹಳ್ಳಕ್ಕೆ ದಾರಿಯೆಲ್ಲಿ? ನೀರು ಹಿಂದಕ್ಕೆ ಒತ್ತಿ ಎರೆ ಹೊಲಗಳ ಮೇಲೆ ನಿಲ್ಲುತ್ತದೆ. ಹುಬ್ಬಳ್ಳಿಯಲ್ಲಿ ನಾವು ಕೊಡೆ ಹಿಡಿದು ಶಪಿಸುವ ಮಳೆಯ ಒಂದು ಪಾಲು ಮೆಣಸಗಿಯವರ ಹೊಲಕ್ಕೆ ಹೋಗುತ್ತದೆ ಎಂದಾಯಿತು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಮಳೆಗೆ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಈ ಸೀಮೆ ಮುಳುಗಿತು. ಎರಡನೆಯ ಸಲ ಕೊಣ್ಣೂರಿನ ಬಳಿ ಹೆದ್ದಾರಿಯೇ ಬಂದ್ ಆಗಿತ್ತು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತ್ತು. ಅದೇ ನರಗುಂದದಲ್ಲಿ 2015ರಿಂದ ಮಹದಾಯಿ ನೀರಿಗಾಗಿ ರೈತರು ಧರಣಿ ಕುಳಿತಿದ್ದರು ಎನ್ನುವುದನ್ನು ಮರೆಯಬೇಡಿ. ಬೇಕಾದಾಗ ಬಾರದ ನೀರು, ಬೇಡವಾದಾಗ ಮನೆ ಬಾಗಿಲಿಗೆ.

ಕಾರು ಇಲ್ಲದಿದ್ದರೂ ಚಿಂತೆಯಿಲ್ಲ. ಹುಬ್ಬಳ್ಳಿಯಿಂದ ಬಾಗಲಕೋಟೆ, ವಿಜಯಪುರದ ಕಡೆ ಹೋಗುವ ವಾಯವ್ಯ ಸಾರಿಗೆ ಬಸ್ಸುಗಳು ಇದೇ ದಾರಿ ಹಿಡಿಯುತ್ತವೆ. ವೇಗದೂತ ಬಸ್ಸುಗಳೆಲ್ಲ ಕೊಣ್ಣೂರಿನಲ್ಲಿ ನಿಲ್ಲುತ್ತವೆ ಎಂದು ನಂಬಬೇಡಿ. ಹತ್ತುವಾಗಲೇ ಕಂಡಕ್ಟರರನ್ನು ಕೇಳಿಕೊಳ್ಳಿ. ಇಲ್ಲವಾದರೆ ನರಗುಂದದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬಹುದು.

ನವಲಗುಂದದಲ್ಲಿ ನೋಡಬೇಕಾದದ್ದು ಜಮಖಾನ. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮೇಲೆ ಹೆಂಗಸರು ನೇಯುವ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ನವಿಲು, ಪಗಡೆಯ ಚಿತ್ತಾರಗಳು ದೂರದಿಂದಲೇ ಗೊತ್ತಾಗುತ್ತವೆ. ನೇಯುವವರು ಈಗ ಕಡಿಮೆ, ಆದ್ದರಿಂದ ಹೋದ ಕೂಡಲೇ ಕೈಗೆ ಸಿಗದಿರಬಹುದು. ಊರಿನಲ್ಲಿ ವಿಚಾರಿಸಿ ಹೋಗಿ. ಬೆಲೆ ಕೇಳಿ ಹುಬ್ಬು ಏರಿಸುವವರು ಪೇಟೆಯ ಚಾಪೆಯನ್ನೇ ಕೊಳ್ಳಲಿ, ಅಲ್ಲಿ ಚೌಕಾಸಿ ಮಾಡಬಾರದು. ಮಾರ್ಚ್ ಹೊತ್ತಿಗೆ ಹೋಗುವವರು ಬೆಣ್ಣೆಹಳ್ಳದ ದಂಡೆಯ ಯಮನೂರಿನಲ್ಲಿ ಚಾಂಗದೇವರ ಜಾತ್ರೆ ಯಾವಾಗ ಎಂದು ಕೇಳಿ ನೋಡಿ. ಹಿಂದೂ, ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ಮಳೆಗಾಲದಲ್ಲಿ ಹೊಲ ನುಂಗುವ ಅದೇ ಹಳ್ಳದಲ್ಲಿ ಭಕ್ತಿಯಿಂದ ಸ್ನಾನ ಮಾಡುತ್ತಾರೆ.

ನರಗುಂದದ ಗುಡ್ಡವನ್ನು ಬೆಳಿಗ್ಗೆಯೇ ಹತ್ತಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರ ಕೋಟೆಯಲ್ಲಿ ಹೆಚ್ಚೇನೂ ಉಳಿದಿಲ್ಲ, ನೆರಳೂ ಕಡಿಮೆ. ಆದರೆ ಮೇಲೆ ನಿಂತರೆ ಕಣ್ಣು ಹಾಯುವಷ್ಟೂ ಸಮತಟ್ಟಾದ ಎರೆ. ಇಲ್ಲಿ ನೀರು ಬಂದರೆ ಏಕೆ ಬೇಗ ಹೋಗುವುದಿಲ್ಲ ಎನ್ನುವುದು ಯಾರೂ ಹೇಳದೆ ತಿಳಿಯುತ್ತದೆ.

ಕೊಣ್ಣೂರಿಗೆ ಅರ್ಧ ದಿನ ಇಟ್ಟುಕೊಳ್ಳಿ. ಇಲ್ಲಿಯ ಪರಮೇಶ್ವರ ಗುಡಿಯಲ್ಲಿ ರಾಷ್ಟ್ರಕೂಟರ ಅಮೋಘವರ್ಷ 860ರಲ್ಲಿ ಮಾಡಿದ ದಾನವನ್ನು ಹೇಳುವ ಶಾಸನ ಸಿಕ್ಕಿದೆ. ಆಗ ಊರಿನ ಹೆಸರು ಕೊಳನೂರು. ಇಲ್ಲಿ ಜಿನಾಲಯ ಕಟ್ಟಿಸಿದವನು ಬಂಕೆಯ, ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೆಸರು ಕೊಟ್ಟವನು. ಬಾದಾಮಿಯಲ್ಲಿ ಗೈಡ್ ಹಿಂದೆ ಓಡುವವರು ಇದನ್ನು ಬಿಟ್ಟು ಹೋಗುವುದು ನನಗೆ ಇಂದಿಗೂ ಸೋಜಿಗ. ಊರಿನ ಇನ್ನೊಂದು ಹೆಗ್ಗಳಿಕೆ ಪೇರಲ. ಹೊಳೆಯ ದಂಡೆಯ ತೋಟಗಳ ಹಣ್ಣನ್ನು ಹೆದ್ದಾರಿಯ ಬದಿಯಲ್ಲೇ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ನೆರೆ ಬಂದರೆ ಮೊದಲು ಮುಳುಗುವುದೂ ಈ ದಂಡೆಯ ತೋಟಗಳೇ. ಬೆಳೆ ಒಂದು ಹಂಗಾಮಿಗೆ ಹೋದರೆ ಮತ್ತೆ ಬಿತ್ತಬಹುದು; ಗಿಡವೇ ಕೊಳೆತರೆ ಹೊಸ ಸಸಿ ನೆಟ್ಟು ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಒಂದೇ ಬುಟ್ಟಿಯ ಮುಂದೆ ನಿಂತು ಎಲ್ಲವನ್ನೂ ಕೊಳ್ಳುವ ಬದಲು ನಾಲ್ಕು ಕಡೆ ಒಂದೊಂದು ಕಿಲೊ ಕೊಳ್ಳಿ. ಮನೆಗೆ ಹೋದಾಗ ನೆರೆಹೊರೆಯವರಿಗೂ ಹಂಚಬಹುದು.

ಊಟಕ್ಕೆ ನಾವು ಹೊಕ್ಕ ಖಾನಾವಳಿ ಚಿಕ್ಕದು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ನಡೆಸುವಾಕೆ ನೆರೆಯ ವಿಷಯ ತಾನಾಗಿ ಎತ್ತಲಿಲ್ಲ, ನಾವೂ ಕೆದಕಲಿಲ್ಲ. ಕೈ ತೊಳೆಯುವಾಗ ನನ್ನ ಹೆಂಡತಿ ಗೋಡೆಯ ಮೇಲಿನ ಮಾಸಿದ ಗೆರೆಯನ್ನು ನೋಡಿದ್ದನ್ನು ಗಮನಿಸಿ ಆಕೆಯೇ ಹೇಳಿದರು: “ಅಲ್ಲಿಯವರೆಗೆ ನೀರು ಇತ್ತು, ಅಕ್ಕಾ. ಆಗ ಬಂದವರೆಲ್ಲ ಆ ಗೆರೆಯ ಫೋಟೊ ತೆಗೆದುಕೊಂಡು ಹೋದರು. ಒಲೆ ಹೊತ್ತಿಸಿದ ಮೇಲೆ ಊಟಕ್ಕೆ ಒಬ್ಬರೂ ಬರಲಿಲ್ಲ.” ಬಿಲ್ಲಿಗಿಂತ ಹೆಚ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಇನ್ನೆರಡು ರೊಟ್ಟಿ ಕಟ್ಟಿಸಿಕೊಂಡಿದ್ದಕ್ಕೆ ಸಂತೋಷಪಟ್ಟರು.

ಹೊಳೆ ಆಲೂರಿಗೆ ರೈಲಿನಲ್ಲಿ ಹೋಗುವುದು ಸುಲಭ. ಗದಗ–ಬಾಗಲಕೋಟೆ ಮಾರ್ಗದಲ್ಲಿ ಬಾದಾಮಿಗಿಂತ ಮೊದಲು ಬರುವ ನಿಲ್ದಾಣ ಇದು. ಯಾವ ರೈಲು ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳಿ. 2009ರ ನೆರೆಯ ನಂತರ ಈ ಭಾಗದಲ್ಲಿ ‘ಆಸರೆ’ ಯೋಜನೆಯ ಮನೆಗಳು ಎದ್ದವು. ಕೆಲವರು ಅಲ್ಲಿಗೆ ಹೋದರು, ಹೊಲ, ದನ, ಗುಡಿ ಹಳೆಯ ಕಡೆಯೇ ಇದ್ದವರು ಹೊಳೆಯ ದಂಡೆಯನ್ನು ಬಿಡಲಿಲ್ಲ. ‘ಮನೆ ಕೊಟ್ಟರೂ ಏಕೆ ಹೋಗಲಿಲ್ಲ’ ಎಂದು ಅವರನ್ನು ಕೇಳಬೇಡಿ. ಅಧಿಕಾರಿಗಳು, ಪತ್ರಕರ್ತರು ಕೇಳಿ ಕೇಳಿ ಸವೆದ ಪ್ರಶ್ನೆ ಅದು. ಬಿದ್ದ ಗೋಡೆಗಳ ಮುಂದೆ ಸೆಲ್ಫಿಯೂ ಬೇಡ. ಪೇಟೆಯಲ್ಲಿ ಗಿರಮಿಟ್ಟು, ಮಿರ್ಚಿ ತಿನ್ನಿ, ಚಪ್ಪಲಿ ಹರಿದಿದ್ದರೆ ಅಲ್ಲೇ ಹೊಲಿಸಿ, ಕಿರಾಣಿ ಅಂಗಡಿಯಲ್ಲಿ ಒಣಮೆಣಸಿನಕಾಯಿ, ಕಡಲೆ ಕೊಳ್ಳಿ.

ಇದರಿಂದ ಯಾರ ಮನೆಯೂ ಮತ್ತೆ ಕಟ್ಟಿದಂತಾಗುವುದಿಲ್ಲ; ಅದು ಸರ್ಕಾರದ ಹೊಣೆ, ಪರಿಹಾರದ ಕಾಗದ ಹಿಡಿದು ಅಲೆಯುವವರ ಅಲೆದಾಟವನ್ನು ನಮ್ಮ ಪ್ರವಾಸ ಕಡಿಮೆ ಮಾಡದು. ಆದರೆ ಬಾದಾಮಿಯ ಹೋಟೆಲಿನಲ್ಲಿ ಚೆಲ್ಲುವ ಹಣದ ಸಣ್ಣ ಪಾಲು ಇಲ್ಲಿ ಬಿದ್ದರೆ ಖಾನಾವಳಿಯ ಒಲೆ, ಪೇರಲದ ಬುಟ್ಟಿ, ಮಗ್ಗ ನಡೆಯುತ್ತವೆ.

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹೋಗುವುದು ಉತ್ತಮ. ಜೋಳ, ಕಡಲೆ ಹೊಲದಲ್ಲಿ ನಿಂತಿರುತ್ತವೆ. ಮಳೆ ಬಿದ್ದ ಮರುದಿನ ಡಾಂಬರು ಬಿಟ್ಟು ಕಾರು ಇಳಿಸಬೇಡಿ, ಎರೆಯಲ್ಲಿ ಸಿಕ್ಕ ಗಾಲಿಯನ್ನು ಎಳೆಯಲು ಟ್ರ್ಯಾಕ್ಟರೇ ಬೇಕು. ಕೊಣ್ಣೂರು, ಹೊಳೆ ಆಲೂರಿನಲ್ಲಿ ತಂಗುವ ಅನುಕೂಲ ಹುಡುಕುವ ಬದಲು ನರಗುಂದದ ಲಾಡ್ಜಿನಲ್ಲಿ ಉಳಿಯಿರಿ. ಸಾಧಾರಣ ಕೋಣೆ, ಆದರೆ ಬಾಡಿಗೆ ಬಾದಾಮಿಗಿಂತ ಕಡಿಮೆ, ಬೆಳಿಗ್ಗೆ ಗುಡ್ಡ ಹತ್ತಲೂ ಹತ್ತಿರ. ಚಿಲ್ಲರೆ ನೋಟುಗಳನ್ನು ಇಟ್ಟುಕೊಳ್ಳಿ. ಬುಟ್ಟಿ ಹಿಡಿದು ಕೂತ ಅಜ್ಜಿಯರ ಬಳಿ ಮೊಬೈಲ್ ಪಾವತಿ ಯಾವಾಗಲೂ ನಡೆಯುವುದಿಲ್ಲ.