33 ಮತಕ್ಕೆ ಏಳು ಸುತ್ತು

ಕಲಬುರಗಿ ಎಪಿಎಂಸಿ ಹತ್ತಿರ ಮಿರ್ಚಿ ತಿನ್ನುತ್ತಾ ಆಫ್ರಿಕಾ ಒಕ್ಕೂಟದ ಚುನಾವಣೆ ಮಾತು ತೆಗೆದೆ. "ಅದು ನಮಗ್ಯಾಕೋ?" ಅಂತ ನಕ್ಕರು ಕಾಕಾ. ಮೊಜಾಂಬಿಕ್, ತಾಂಜಾನಿಯಾದಿಂದ ತೊಗರಿ ಬಂದು ಇಲ್ಲಿ ದರ ಬೀಳುತ್ತೆ ಅಂತ ವರ್ಷವೆಲ್ಲ ಗೊಣಗೋರೂ ಇವರೇ!

2025ರ ಫೆಬ್ರುವರಿ 15ರಂದು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಒಕ್ಕೂಟದ ದಿನನಿತ್ಯದ ಆಡಳಿತ ನೋಡೋ ಆಯೋಗಕ್ಕೆ ಹೊಸ ಅಧ್ಯಕ್ಷರನ್ನು ಆರಿಸಿದರು. ಕೀನ್ಯಾದ ಮಾಜಿ ಪ್ರಧಾನಿ ರೈಲಾ ಒಡಿಂಗಾ ದೊಡ್ಡ ಹೆಸರು, ಮೊದಲ ಸುತ್ತಿನಲ್ಲಿ ಮುಂದೆಯೂ ಇದ್ದರು. ಆದರೆ ಗೆಲ್ಲೋಕೆ ಮೂರನೇ ಎರಡರಷ್ಟು ಮತ ಬೇಕು, ಅದೂ ಗುಪ್ತ ಮತದಾನ, ಹಾಗಾಗಿ ಎದುರಿಗೆ ಹೂಂ ಅಂದ ದೇಶ ಒಳಗೆ ಯಾರಿಗೆ ಒತ್ತಿತೋ ಯಾರಿಗೆ ಗೊತ್ತು. ಒಕ್ಕೂಟದಲ್ಲಿರೋದು 55 ದೇಶ, ಸೇನೆ ಅಧಿಕಾರ ಹಿಡಿದಿದ್ದಕ್ಕೆ ಅಮಾನತಾದ ಮಾಲಿ, ನೈಜರ್, ಸುಡಾನ್‌ನಂಥವಕ್ಕೆ ಮತವಿರಲಿಲ್ಲ. ಮಡಗಾಸ್ಕರ್‌ನ ಅಭ್ಯರ್ಥಿ ಮಧ್ಯದಲ್ಲೇ ಹೊರಬಿದ್ದರು. ಏಳನೇ ಸುತ್ತಿನಲ್ಲಿ ಪುಟ್ಟ ಜಿಬೂತಿಯ ವಿದೇಶಾಂಗ ಸಚಿವ ಮಹಮೂದ್ ಅಲಿ ಯೂಸುಫ್ 33 ಮತ ಪಡೆದು ಗೆದ್ದರು. ನನಗಂತೂ ಖುಷಿಯಾಯಿತು, ಸುಮ್ನೆ ದೊಡ್ಡ ಹೆಸರಿಗೇ ಮಣೆ ಹಾಕಲಿಲ್ಲ ಅಂತ.

ಎಲ್ಲ ಕೇಳಿದ ಕಾಕಾ ಕೊನೆಗೆ ಕೇಳಿದ್ದು ಒಂದೇ: "ಆ ಜಿಬೂತಿಯಲ್ಲಿ ತೊಗರಿ ಬೆಳೀತಾರೇನು?"