178 ಸೆಕೆಂಡಿನ ಆಯಸ್ಸು

ವಿಮಾನದೊಳಗಿನ ಮೀಟರ್ ನೋಡಿ ಹಾರಿಸಲು ಬಾರದ ಹವ್ಯಾಸಿ ಪೈಲಟ್ ಮೋಡದೊಳಗೆ ಹೊಕ್ಕರೆ ಆಯಸ್ಸು ಎಷ್ಟು ಗೊತ್ತಾ? ಸರಾಸರಿ 178 ಸೆಕೆಂಡು. ಮಡಿಕೇರಿ ಚಳಿಯಲ್ಲೂ ಒಂದು ಲೋಟ ಕಾಫಿ ಆರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇಂಥ 20 ಜನರನ್ನು ಪರೀಕ್ಷೆ ಮಾಡಿದರು. ಹೊರಗಡೆ ಏನೂ ಕಾಣದಂತೆ ಮಾಡಿ ಹಾರಿಸಲು ಹೇಳಿದರು. 20 ಜನವೂ ಹಿಡಿತ ಕಳೆದುಕೊಂಡರು, ಸರಾಸರಿ ಆ 178 ಸೆಕೆಂಡಿನಲ್ಲಿ. ಒಬ್ಬರಾದರೂ ಪಾಸಾಗಬಾರದಿತ್ತಾ!

ತಪ್ಪು ಕಿವಿಯದ್ದು. ವಿಮಾನ ಮೆಲ್ಲಗೆ ವಾಲಿ, ಸುತ್ತುತ್ತಾ ಇಳಿಯುತ್ತಿದ್ದರೂ ಒಳಗಿವಿ ‘ನೇರವಾಗೇ ಇದ್ದೀವಿ, ಆರಾಮಾಗಿರಿ’ ಅನ್ನುತ್ತದೆ. ಎತ್ತರ ಕಡಿಮೆಯಾಯಿತೆಂದು ಗಾಬರಿಯಲ್ಲಿ ಮೂತಿ ಮೇಲೆತ್ತಲು ಸ್ಟಿಕ್ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ. ಮುಂದಿನದ್ದನ್ನು ನೆಲ ನೋಡಿಕೊಳ್ಳುತ್ತದೆ. 1999ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ರಾತ್ರಿ, ಮಬ್ಬಿನಲ್ಲಿ, ಸಮುದ್ರದ ಮೇಲೆ ವಿಮಾನ ಹಾರಿಸುತ್ತಾ ಪ್ರಾಣ ಕಳೆದುಕೊಂಡದ್ದೂ ಹೀಗೇ. ಮೀಟರ್‌ಗಳೆಲ್ಲ ಕಣ್ಣೆದುರೇ ಇದ್ದವು.

ಇದನ್ನೆಲ್ಲ ಭಾವನಿಗೆ ಹೇಳಿದೆ. “ಮಂಜಿನಲ್ಲಿ ಸಂಪಾಜೆ ಘಾಟಿಯಲ್ಲಿ ಜೀಪನ್ನು ನಾನು ಅಂದಾಜಿನ ಮೇಲೇ ಇಳಿಸುವುದು ಮಾರಾಯ” ಅಂದರು, ಹೆಮ್ಮೆಯಿಂದ. ಘಾಟಿಯಲ್ಲಾದರೆ ಜೀಪು ಪಕ್ಕಕ್ಕೆ ಹಾಕಿ ಬೀಡಿ ಸೇದಬಹುದು. ಮೋಡದಲ್ಲಿ ಆ ಸೌಕರ್ಯವಿಲ್ಲ.

ನಾಳೆ ಸುಳ್ಯಕ್ಕೆ ಅವರ ಜೀಪಲ್ಲೇ ಹೋಗುವುದು. ಭಾವ ಬೀಡಿ ಬಿಟ್ಟಿದ್ದಾರೆ ಬೇರೆ.